ಎರಡು ಸ್ಟ್ರಿಪ್, ಒಂದೇ ಮಾತ್ರೆ

ಮೆಡಿಕಲ್ ಸ್ಟೋರ್ ನಡೆಸುವವರಿಗೆ ಒಂದು ವಿಷಯ ಡಾಕ್ಟರಿಗಿಂತ ಮೊದಲೇ ಗೊತ್ತಾಗಿಬಿಡುತ್ತದೆ. ಯಾರ ಮಾತ್ರೆ ಲೆಕ್ಕ ತಪ್ಪುತ್ತಿದೆ ಅನ್ನೋದು. ಡಾಕ್ಟರು ಮೂರು ತಿಂಗಳಿಗೊಮ್ಮೆ ಐದು ನಿಮಿಷ ನೋಡುತ್ತಾರೆ. ಮನೆಯವರು ದಿನಾ ನೋಡುತ್ತಾರೆ, ದಿನಾ ನೋಡಿ ನೋಡಿಯೇ ಅವರ ಕಣ್ಣಿಗೆ ಏನೂ ಬೀಳೋದಿಲ್ಲ. ನಮ್ಮ ಹತ್ತಿರ ತಿಂಗಳಿಗೊಮ್ಮೆ ಬರುತ್ತಾರೆ, ಅದೇ ಚೀಟಿ, ಅದೇ ಮಾತ್ರೆ. ಒಂದು ತಿಂಗಳಿಗೆ ಅಂತ ತಗೊಂಡು ಹೋದವರು ಹದಿನೈದು ದಿನಕ್ಕೇ ಬಂದು "ಖಾಲಿ ಆಯ್ತಪ್ಪ" ಅಂದರೆ, ಇಲ್ಲಾ ಎರಡು ತಿಂಗಳು ಈ ಕಡೆ ತಲೆಯೇ ಹಾಕದೆ ಆಮೇಲೆ ಬಂದು "ಇನ್ನೂ ಮನೇಲಿ ರಾಶಿ ಇದೆ" ಅಂದರೆ, ಎಲ್ಲೋ ಏನೋ ಸರಿಯಿಲ್ಲ ಅಂತಲೇ ಅರ್ಥ.

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಇದೆಯಲ್ಲ, ಇಂಥ ಹೊತ್ತಲ್ಲಿ ಅದು ಎಲ್ಲರಿಗೂ ಅನುಕೂಲ. ಮಕ್ಕಳಿಗೂ ಅನುಕೂಲ, ಆ ಹಿರಿಯರಿಗೂ ಅನುಕೂಲ. ವಯಸ್ಸಾಯ್ತು, ಮರೆವು ಬಂತು, ಮುಗೀತು. ಕೌಂಟರಿನ ಈ ಕಡೆ ಇಷ್ಟು ವರ್ಷ ನಿಂತ ನನಗೆ ಹಾಗನ್ನಿಸೋದಿಲ್ಲ. ಹದಿನೈದು ಇಪ್ಪತ್ತು ವರ್ಷದಿಂದ ಶುಗರ್ ಇರುವವರ ಮರೆವನ್ನು ಪೂರ್ತಿ ವಯಸ್ಸಿನ ತಲೆಗೆ ಕಟ್ಟೋಕೆ ಆಗಲ್ಲ. ಅದರಲ್ಲಿ ಶುಗರಿನ ಪಾಲಿದೆ. ಕೆಲವು ಸಲ ಶುಗರ್ ಮಾತ್ರೆಯ ಪಾಲೂ ಇದೆ. ಈ ಎರಡನೇ ಮಾತು ಹೇಳೋಕೇ ಇದನ್ನು ಬರೆಯುತ್ತಿರೋದು. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ತಿಪಟೂರು ಕಡೆಯವನು. ಓದಿದ್ದು ಸ್ವಲ್ಪ, ನೋಡಿದ್ದು ಜಾಸ್ತಿ.

ಮೊದಲು ಶುಗರ್ ಎಷ್ಟು ಜನಕ್ಕಿದೆ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಗಡಿಯಲ್ಲಿದ್ದಾರೆ ಅಂತ ಅದು ಹೇಳಿತು. ಅದೇ ವರ್ಷ ಇನ್ನೊಂದು ಅಧ್ಯಯನವೂ ಬಂತು. ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅನ್ನೋದು ಅದರ ಲೆಕ್ಕ. ಡಿಮೆನ್ಶಿಯಾ ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ. ಪೇಪರಿನಲ್ಲಿ ಇವೆರಡೂ ಬೇರೆ ಬೇರೆ ದಿನ ಬರುವ ಬೇರೆ ಬೇರೆ ಸುದ್ದಿ. ನನ್ನ ಕೌಂಟರಿಗೆ ಮಾತ್ರ ಎಷ್ಟೋ ಸಲ ಎರಡೂ ಒಬ್ಬರೇ ಆಗಿ ಬರುತ್ತವೆ.

ಸಂಬಂಧ ಇದೆ ಅನ್ನೋದು ಹೊಸ ಮಾತೇನಲ್ಲ. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಸಾವಿರಾರು ವೃದ್ಧರನ್ನು ಗಮನಿಸುತ್ತಾ ಬಂದವರು 1999ರಲ್ಲೇ ಹೇಳಿದ್ದರು, ಶುಗರ್ ಇರುವವರಿಗೆ ಡಿಮೆನ್ಶಿಯಾ ಬರುವ ಸಂಭವ ಸುಮಾರು ಎರಡು ಪಟ್ಟು ಅಂತ. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರೆ, ಡಿಮೆನ್ಶಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆಯಾದ ಆಲ್ಝೈಮರ್‌ಗೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು, ಮಿದುಳಿನ ರಕ್ತನಾಳ ಕೆಟ್ಟು ಬರುವ ಡಿಮೆನ್ಶಿಯಾಕ್ಕೆ ಎರಡರಿಂದ ಎರಡೂವರೆ ಪಟ್ಟು. ಇದನ್ನು ಓದಿ ಗಾಬರಿ ಬೀಳಬೇಡಿ. ಶುಗರ್ ಇರುವವರಿಗೆಲ್ಲ ಮರೆವಿನ ಕಾಯಿಲೆ ಬರುತ್ತದೆ ಅಂತ ಇದರರ್ಥ ಅಲ್ಲ. ಎಂಬತ್ತೈದರ ಇನ್ಸುಲಿನ್ ಅಜ್ಜಿಯೊಬ್ಬರು ಹೋದ ತಿಂಗಳ ಚಿಲ್ಲರೆ ಎರಡು ರೂಪಾಯಿಯನ್ನು ನನ್ನಿಂದ ನೆನಪಿಟ್ಟು ವಸೂಲಿ ಮಾಡಿದ್ದಾರೆ.

ನನಗೆ ಹೆಚ್ಚು ನಾಟಿದ್ದು ಲಂಡನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ಅಧ್ಯಯನ. ವೈಟ್‌ಹಾಲ್ ಅಂತ ಹೆಸರು. 1985ರಲ್ಲಿ ಶುರುವಾದದ್ದು. ಆಗ 35ರಿಂದ 55 ವಯಸ್ಸಿನವರಾಗಿದ್ದ ಹತ್ತು ಸಾವಿರ ಜನರನ್ನು ಮೂವತ್ತು ವರ್ಷಕ್ಕೂ ಮೇಲೆ ಹಿಂಬಾಲಿಸಿದರು. 2021ರಲ್ಲಿ ಅದರ ಶುಗರ್ ಲೆಕ್ಕ ಹೊರಬಂತು. ಎಪ್ಪತ್ತರ ವಯಸ್ಸಿಗೂ ಶುಗರ್ ಇಲ್ಲದವರಲ್ಲಿ ಮುಂದೆ ವರ್ಷಕ್ಕೆ ಸಾವಿರಕ್ಕೆ ಸುಮಾರು 9 ಜನಕ್ಕೆ ಡಿಮೆನ್ಶಿಯಾ ಬಂದಿತ್ತು. ಎಪ್ಪತ್ತಕ್ಕೆ ಹತ್ತು ವರ್ಷಕ್ಕಿಂತ ಮೊದಲೇ ಶುಗರ್ ಬಂದಿದ್ದವರಲ್ಲಿ ಸಾವಿರಕ್ಕೆ 18 ಜನಕ್ಕೆ. ಅರವತ್ತೆಂಟು ಅರವತ್ತೊಂಬತ್ತಕ್ಕೆ ಶುಗರ್ ಬಂದವರಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಎಷ್ಟು ಬೇಗ ಬಂತು, ಎಷ್ಟು ವರ್ಷ ಮೈಯಲ್ಲಿ ಇತ್ತು ಅನ್ನೋದೇ ಮುಖ್ಯ. ನಮ್ಮಲ್ಲಿ ನಲವತ್ತಕ್ಕೇ ಶುಗರ್ ಬರುತ್ತಿದೆ. ಮೂವತ್ತೈದರ ಹುಡುಗರು ಗ್ಲುಕೋಮೀಟರ್ ಸ್ಟ್ರಿಪ್ ಕೊಳ್ಳೋಕೆ ಬರುತ್ತಾರೆ. ಅವರು ಎಪ್ಪತ್ತು ಮುಟ್ಟುವ ಹೊತ್ತಿಗೆ ಶುಗರಿನ ಜೊತೆ ಮೂವತ್ತೈದು ವರ್ಷ ಕಳೆದಿರುತ್ತಾರೆ. ಈಗಿನ ಮುದುಕರಿಗಿಂತ ಮುಂದಿನ ಮುದುಕರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ.

ಒಳಗೆ ಆಗೋದೇನು? ಮಿದುಳಿನ ತೂಕ ಮೈಯಲ್ಲಿ ನೂರಕ್ಕೆ ಎರಡು ಪಾಲು. ತಿನ್ನೋದು ಮಾತ್ರ ಐದರಲ್ಲಿ ಒಂದು ಪಾಲು ಶಕ್ತಿ. ಅದಕ್ಕೆ ರಕ್ತ ಒಯ್ಯುವ ಕೊನೆಯ ನಾಳಗಳು ಕೂದಲಿಗಿಂತ ಸಣ್ಣ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇರುವ ರಕ್ತ ಓಡಿದರೆ ಈ ಸಣ್ಣ ನಾಳಗಳ ಗೋಡೆ ದಪ್ಪಗಾಗುತ್ತದೆ, ಗಡಸಾಗುತ್ತದೆ. ತೆಂಗಿನ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟರ್ ಓಡುತ್ತಿರುತ್ತದೆ, ಮೇನ್ ಪೈಪಿನಲ್ಲಿ ನೀರು ಜೋರಾಗೇ ಇರುತ್ತದೆ, ಆದರೆ ಉಪ್ಪು ಕಟ್ಟಿಕೊಂಡು ಕೊನೆಯ ಸಾಲಿನ ಡ್ರಿಪ್ಪರ್ ಮುಚ್ಚಿಹೋಗಿರುತ್ತದೆ. ಗರಿ ಬಾಡಿದ ಮೇಲೇ ನಮಗೆ ಗೊತ್ತಾಗೋದು. ಮಿದುಳಲ್ಲಿ ಹೀಗೆ ಸಣ್ಣ ಸಣ್ಣ ಜಾಗ ಸಾಯುತ್ತಾ ಹೋದರೂ ಕೈಕಾಲು ಬೀಳೋದಿಲ್ಲ, ಬಾಯಿ ಸೊಟ್ಟಗಾಗೋದಿಲ್ಲ. ಎಂಆರ್‌ಐ ಮಾಡಿಸಿದಾಗ ಚುಕ್ಕೆ ಚುಕ್ಕೆ ಕಾಣುತ್ತದೆ. "ಹಿಂದೆ ಯಾವಾಗಾದ್ರೂ ಸ್ಟ್ರೋಕ್ ಆಗಿತ್ತಾ?" ಅಂತ ಡಾಕ್ಟರು ಕೇಳುತ್ತಾರೆ. ಇಲ್ವಲ್ಲ ಅಂತ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಇನ್ನೊಂದು ದಾರಿ ಇನ್ಸುಲಿನ್‌ದು. ಇನ್ಸುಲಿನ್ ಅಂದರೆ ಬರೀ ರಕ್ತದ ಸಕ್ಕರೆ ಇಳಿಸೋಕೆ ಇರುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನೆನಪು ಕೂರಿಸಿಕೊಳ್ಳುವ ಕೆಲಸದಲ್ಲಿ ಮಿದುಳಿಗೂ ಅದು ಬೇಕು. ಮೈ ಇನ್ಸುಲಿನ್‌ನ ಮಾತು ಕೇಳದೇ ಹೋದ ಹಾಗೆ ಮಿದುಳೂ ಕೇಳದೇ ಹೋಗಬಹುದು. ಅದೂ ಅಲ್ಲದೆ, ಇನ್ಸುಲಿನ್ ಅನ್ನು ಕರಗಿಸುವ ಒಂದು ಕಿಣ್ವವೇ ಆಲ್ಝೈಮರ್‌ನಲ್ಲಿ ಗುಡ್ಡೆ ಬೀಳುವ ಅಮೈಲಾಯ್ಡ್ ಪ್ರೋಟೀನನ್ನೂ ಕರಗಿಸುತ್ತದೆ. ರಕ್ತದಲ್ಲಿ ಇನ್ಸುಲಿನ್ ಯಾವಾಗಲೂ ತುಂಬಿ ತುಳುಕುತ್ತಿದ್ದರೆ ಕಿಣ್ವ ಆ ಕಡೆಯೇ ಬಿಜಿ, ಈ ಕಡೆ ಕಸ ಉಳಿಯುತ್ತದೆ ಅನ್ನುವ ವಾದ ಇದೆ. 2005ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸುಜಾನ್ ಡಿ ಲಾ ಮಾಂಟೆ ಮತ್ತು ಜೊತೆಗಾರರು ಆಲ್ಝೈಮರ್ ಅನ್ನೇ "ಟೈಪ್ 3 ಡಯಾಬಿಟಿಸ್" ಅಂತ ಕರೆದರು. ಕೇಳೋಕೆ ಚೆನ್ನಾಗಿದೆ, ವಾಟ್ಸಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಅದು ಡಾಕ್ಟರ ಚೀಟಿಯಲ್ಲಿ ಬರೆಯುವ ರೋಗದ ಹೆಸರಲ್ಲ. ಒಂದು ಊಹೆ, ಅಷ್ಟೇ.

ಇಷ್ಟು ಪುಸ್ತಕದ ಮಾತು. ಇನ್ನು ಮೇಷ್ಟ್ರ ವಿಷಯಕ್ಕೆ ಬರುತ್ತೇನೆ.

ನಮ್ಮ ಅಂಗಡಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು. ಎಪ್ಪತ್ತಾರೋ ಏಳೋ ಇರಬೇಕು. ಗಣಿತ ಹೇಳುತ್ತಿದ್ದವರು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಶುಗರಿಗೆ ಅಂತಲೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಸ್ಕೇಲಿನಲ್ಲಿ ಗೆರೆ ಎಳೆದು, ತಾರೀಕು, ಬೆಳಗಿನ ಖಾಲಿ ಹೊಟ್ಟೆ, ಊಟ ಆದ ಮೇಲೆ, ಷರಾ ಅಂತ ಕಾಲಂ ಮಾಡಿದ್ದಾರೆ. ಅವರ ಅಕ್ಷರ ನೋಡಿದರೆ ನಮ್ಮ ಬಿಲ್ ಬುಕ್ಕಿಗೆ ನಾಚಿಕೆಯಾಗಬೇಕು. ಆ ನೋಟ್‌ಬುಕ್ ನೋಡಿ ಅವರ ಡಾಕ್ಟರು ಬೇರೆ ರೋಗಿಗಳಿಗೆ "ಮೇಷ್ಟ್ರನ್ನ ನೋಡಿ ಕಲೀರಿ" ಅಂದಿದ್ದರಂತೆ.

ಒಂದು ದಿನ ಬೆಳಗ್ಗೆ ಅವರ ಮನೆಯಾಕೆಯ ಫೋನು.

"ಏನಪ್ಪಾ, ಇವರು ಎದ್ದಾಗಿಂದ ಒಂಥರಾ ಆಡ್ತಾ ಇದ್ದಾರೆ. ಷರ್ಟ್ ಮೇಲೆ ಷರ್ಟ್ ಹಾಕ್ಕೊಂಡು ಸ್ಕೂಲಿಗೆ ಹೊತ್ತಾಯ್ತು ಅಂತಾರೆ. ಮಗಂಗೆ ಫೋನ್ ಮಾಡಿದ್ರೆ, ಅಪ್ಪಂಗೆ ವಯಸ್ಸಾಯ್ತಲ್ಲಮ್ಮ, ಮರೆವು, ಬೆಂಗಳೂರಿಗೆ ಕರ್ಕೊಂಡ್ ಬಾ ತೋರಿಸೋಣ ಅಂದ."

"ಅಮ್ಮಾ, ಶುಗರ್ ನೋಡಿದ್ರಾ?"

"ಸಿಹಿ ಏನೂ ಕೊಟ್ಟಿಲ್ಲಪ್ಪ."

ಈ ಉತ್ತರವನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಶುಗರ್ ಅಂದರೆ ಏರೋದು ಒಂದೇ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಅಂಗಡಿ ಹುಡುಗನಿಗೆ ಗಲ್ಲಾ ಒಪ್ಪಿಸಿ ಮೀಟರ್ ತಗೊಂಡು ಹೋದೆ, ಎರಡು ಬೀದಿ ಆಚೆ ಅವರ ಮನೆ. ಮೇಷ್ಟ್ರು ಜಗಲಿಯ ಮೇಲೆ ಕೂತು ಚಪ್ಪಲಿಯನ್ನು ಎಡಕ್ಕೂ ಬಲಕ್ಕೂ ಬದಲಾಯಿಸುತ್ತಿದ್ದರು. ನನ್ನನ್ನು ನೋಡಿ "ಹಾಜರಿ ಆಯ್ತೇನೋ?" ಅಂದರು. ಬೆರಳು ಚುಚ್ಚಿದೆ. 46. ಶುಗರ್ ತೀರಾ ಇಳಿದಿತ್ತು.

ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದೆವು. ಎಚ್ಚರ ಇತ್ತು, ನುಂಗುತ್ತಿದ್ದರು, ಅದಕ್ಕೇ ಕುಡಿಸಿದ್ದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ, ಆಗ ನೇರ ಆಸ್ಪತ್ರೆಗೇ ಓಡಬೇಕು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ 80 ದಾಟಿತ್ತು. ಮೇಷ್ಟ್ರು ತಮ್ಮ ಮೈಮೇಲಿನ ಎರಡು ಷರ್ಟು ನೋಡಿಕೊಂಡು, ಏನೂ ಮಾತಾಡದೆ ಒಳಗೆ ಹೋಗಿ ಒಂದನ್ನು ಬಿಚ್ಚಿಟ್ಟು ಬಂದರು. ಆಮೇಲೆ ಇಡ್ಲಿ ತಿನ್ನಿಸಿ ಆಸ್ಪತ್ರೆಗೆ ಕಳಿಸಿದ್ದಾಯ್ತು. ಇದು ಮುಖ್ಯ. ಕೆಲವು ಮಾತ್ರೆಗಳ ಪ್ರಭಾವ ದಿನವಿಡೀ ಇರುತ್ತದೆ, ಸಕ್ಕರೆ ನೀರು ಕುಡಿದು ಸರಿಹೋದವರಿಗೆ ಮಧ್ಯಾಹ್ನ ಮತ್ತೆ ಇಳಿಯಬಹುದು.

ಅವರ ಮಾತ್ರೆ ಚೀಲವನ್ನು ನಾನು ಚಾಪೆ ಮೇಲೆ ಸುರಿದು ನೋಡಿದೆ. ಎರಡು ಸ್ಟ್ರಿಪ್. ಒಂದು ನಮ್ಮ ಅಂಗಡಿಯದು, ಬ್ರ್ಯಾಂಡಿನದು. ಇನ್ನೊಂದು ಮಗ ಬೆಂಗಳೂರಲ್ಲಿ ಜೆನೆರಿಕ್ ಅಂಗಡಿಯಲ್ಲಿ ಕೊಡಿಸಿದ್ದು. ಬಣ್ಣ ಬೇರೆ, ಹೆಸರು ಬೇರೆ, ಮಾತ್ರೆಯ ಆಕಾರ ಬೇರೆ. ಒಳಗಿರೋದು ಒಂದೇ, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಮೇಷ್ಟ್ರು ಒಂದನ್ನು "ಇಲ್ಲಿನ ಮಾತ್ರೆ" ಇನ್ನೊಂದನ್ನು "ಬೆಂಗಳೂರಿನ ಮಾತ್ರೆ" ಅಂತ ಲೆಕ್ಕ ಹಾಕಿ ಎರಡನ್ನೂ ನುಂಗುತ್ತಿದ್ದರು. ಮಗನ ತಪ್ಪಿಲ್ಲ, ಜೆನೆರಿಕ್ ಔಷಧದ ತಪ್ಪೂ ಇಲ್ಲ, ದುಡ್ಡು ಉಳಿಯುತ್ತದೆ ಅಂದರೆ ಯಾರು ಬೇಡ ಅಂತಾರೆ. ಹತ್ತು ವರ್ಷದ ಹಿಂದಿನ ಮೇಷ್ಟ್ರಾಗಿದ್ದರೆ ಸ್ಟ್ರಿಪ್ ಹಿಂದಿನ ಸಣ್ಣಕ್ಷರ ಓದಿ "ಏಯ್, ಇದೂ ಅದೂ ಒಂದೇ ಅಲ್ವೇನೋ" ಅಂತ ನನಗೇ ಪಾಠ ಮಾಡುತ್ತಿದ್ದರು.

ಆಮೇಲೆ ನೋಟ್‌ಬುಕ್ ತೆಗೆದೆ. ಗೆರೆ ನೇರ, ಅಕ್ಷರ ಗುಂಡಗೆ. 14ನೇ ತಾರೀಕು ಮೂರು ಸಾಲಿನಲ್ಲಿ ಇತ್ತು. ಮೂರಕ್ಕೂ ಬೇರೆ ಬೇರೆ ಸಂಖ್ಯೆ. ಅದಕ್ಕೂ ಹಿಂದಿನ ಪುಟಗಳಲ್ಲಿ ಸಾಲು ಸಾಲಾಗಿ 118, 122, 120. ಮೀಟರಿನ ಮೆಮೊರಿ ಒತ್ತಿ ನೋಡಿದರೆ ಆ ವಾರದಲ್ಲಿ ಪರೀಕ್ಷೆಯನ್ನೇ ಮಾಡಿರಲಿಲ್ಲ. ಅವರು ಸುಳ್ಳು ಬರೆದಿದ್ದರು ಅಂತ ನನಗೆ ಅನ್ನಿಸಲಿಲ್ಲ. ಕಾಲಂ ಖಾಲಿ ಬಿಟ್ಟು ಅಭ್ಯಾಸವಿಲ್ಲದ ಮನುಷ್ಯ. ಇರಬೇಕಾದ ಸಂಖ್ಯೆಯನ್ನು ತುಂಬಿದ್ದರು.

ನಾನು ಹೇಳಬೇಕಾದ್ದು ಇಲ್ಲೇ ಇದೆ. ಶುಗರ್ ನೋಡಿಕೊಳ್ಳೋದು ಅಂದರೆ ದಿನಕ್ಕೆ ಹತ್ತಾರು ಸಣ್ಣ ಲೆಕ್ಕ. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ, ಬೆಳಗಿನದು ನುಂಗಿದೆನಾ ಇಲ್ವಾ, ಇವತ್ತು ಮುದ್ದೆನಾ ಅನ್ನನಾ, ಇನ್ಸುಲಿನ್ ಎಷ್ಟು ಯುನಿಟ್ಟು, ಸೂಜಿ ನಿನ್ನೆ ಯಾವ ಕಡೆ ಚುಚ್ಚಿದ್ದು, ಸಂಜೆ ವಾಕಿಂಗ್ ಹೋಗೋದಾದರೆ ಏನು ತಿನ್ನಬೇಕು. ಇಷ್ಟನ್ನೂ ನಿಭಾಯಿಸೋಕೆ ಚುರುಕಾದ ತಲೆ ಬೇಕು. ಶುಗರ್ ವರ್ಷಗಟ್ಟಲೆ ಕೊರೆಯೋದೂ ತಲೆಯ ಇದೇ ಭಾಗವನ್ನು. ಹೆಸರು ಮರೆಯೋದು ಆಮೇಲಿನ ಮಾತು. ಮೊದಲು ಹೋಗೋದು ಒಂದಾದ ಮೇಲೊಂದು ಹೆಜ್ಜೆ ಇಟ್ಟು ಮಾಡುವ ಕೆಲಸ. ಬ್ಯಾಂಕಿನ ಚಲನ್ ತುಂಬೋದು ನಿಧಾನವಾಗುತ್ತದೆ. ಸಾರು ಕುದಿಯಲಿಟ್ಟು ಒಗ್ಗರಣೆ ಮರೆತುಹೋಗುತ್ತದೆ. ಮಾತಾಡಿಸಿದರೆ ಚೆನ್ನಾಗೇ ಮಾತಾಡುತ್ತಾರೆ, ಹಳೇ ಶಿಷ್ಯರ ಇನಿಷಿಯಲ್ ಸಮೇತ ಹೇಳುತ್ತಾರೆ, ಅದಕ್ಕೇ ಯಾರಿಗೂ ಅನುಮಾನ ಬರೋದಿಲ್ಲ.

ಶುಗರ್ ಇಳಿಯೋದಕ್ಕೂ ಮರೆವಿಗೂ ಇರುವ ನಂಟು ಎರಡು ಕಡೆಯಿಂದಲೂ ನಡೆಯುತ್ತದೆ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಟೈಪ್ 2 ಶುಗರ್ ಇದ್ದ 16,667 ಹಿರಿಯರ ದಾಖಲೆ ನೋಡಿ 2009ರಲ್ಲಿ ಒಂದು ಅಧ್ಯಯನ ಬಂತು. ಶುಗರ್ ಇಳಿದು ಆಸ್ಪತ್ರೆ ಸೇರುವಷ್ಟು ಆದವರಲ್ಲಿ ಮುಂದೆ ಡಿಮೆನ್ಶಿಯಾ ಜಾಸ್ತಿ. ಒಂದು ಸಲ ಆದವರಿಗೆ ಸುಮಾರು ಕಾಲು ಪಾಲು ಜಾಸ್ತಿ, ಮೂರು ಸಲ ಆದವರಿಗೆ ಹತ್ತಿರ ಹತ್ತಿರ ಎರಡು ಪಟ್ಟು. ಆಮೇಲೆ 2013ರಲ್ಲಿ ಇನ್ನೊಂದು ತಂಡ ತಿರುಗಿಸಿಯೂ ನೋಡಿತು. ಡಿಮೆನ್ಶಿಯಾ ಶುರುವಾದವರಿಗೆ ಶುಗರ್ ಇಳಿಯೋದೂ ಜಾಸ್ತಿ ಅಂತ ಸಿಕ್ಕಿತು. ಮರೆತು ಎರಡು ಸಲ ನುಂಗುತ್ತಾರೆ, ನುಂಗಿ ಊಟ ಮರೆಯುತ್ತಾರೆ. ಇಳಿದಾಗ ಮಿದುಳಿಗೆ ಪೆಟ್ಟು ಬೀಳುತ್ತದೆ, ಪೆಟ್ಟು ಬಿದ್ದ ಮೇಲೆ ಮರೆವು ಹೆಚ್ಚುತ್ತದೆ. ಇನ್ನೊಂದು ತೊಡಕು, ವಯಸ್ಸಾದವರಿಗೆ ಶುಗರ್ ಇಳಿದಾಗ ಬೆವರು ನಡುಕ ಎಲ್ಲ ಬರಲೇಬೇಕು ಅಂತಿಲ್ಲ. ಕೆಲವು ಬಿಪಿ ಮಾತ್ರೆಗಳು ನಡುಕವನ್ನು ಮುಚ್ಚಿಬಿಡುತ್ತವೆ. ಬರೀ ಗೊಂದಲ, ಬರೀ ಸಿಡುಕು, ಬರೀ ನಿದ್ದೆ. ನೋಡಿದವರು ಅರಳು ಮರಳು ಅನ್ನುತ್ತಾರೆ.

ನಮ್ಮ ಊರ ಕಡೆ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಉಪವಾಸ. ಏಕಾದಶಿ, ಶನಿವಾರದ ಒಪ್ಪತ್ತು, ಸಂಕಷ್ಟಿ. ಊಟ ಬಿಡುತ್ತಾರೆ, ಮಾತ್ರೆ ಬಿಡೋದಿಲ್ಲ. "ಮಾತ್ರೆ ತಪ್ಪಿಸಬಾರದು ಅಂತ ನೀನೇ ಹೇಳಿದ್ಯಲ್ಲಪ್ಪ" ಅಂತಾರೆ. ಮದುವೆ ಮನೆಯಲ್ಲೂ ಇದೇ ಕಥೆ, ಎಂಟಕ್ಕೆ ಮಾತ್ರೆ ನುಂಗಿ ಮುಹೂರ್ತ ಮುಗಿದು ಎಲೆ ಮುಂದೆ ಕೂರೋದು ಒಂದು ಗಂಟೆಗೆ. ಪೂಜೆ ಆಗದೆ ಬಾಯಿಗೆ ನೀರೂ ಹಾಕದವರಿದ್ದಾರೆ. ಶ್ರದ್ಧೆಯನ್ನು ನಾನು ಆಡಿಕೊಳ್ಳುತ್ತಿಲ್ಲ. ಉಪವಾಸ ಇರೋದಾದರೆ ಆ ದಿನದ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿ ಇಟ್ಟುಕೊಳ್ಳಿ ಅಷ್ಟೇ.

ಈಗ ಗುರಿಯ ವಿಷಯ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ, 7ರ ಒಳಗಿರಬೇಕು ಅಂತ ಎಲ್ಲರಿಗೂ ಬಾಯಿಪಾಠ. ಮಕ್ಕಳು ಅಪ್ಪ ಅಮ್ಮನ ರಿಪೋರ್ಟ್ ನೋಡಿ "7.8 ಬಂದಿದೆ, ಏನ್ ತಿಂದೆ ಹೇಳು" ಅಂತ ವಿಚಾರಣೆಗೇ ಕೂರುತ್ತಾರೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಏನು ಹೇಳುತ್ತದೆ ಗೊತ್ತಾ? ಗಟ್ಟಿಮುಟ್ಟಾಗಿರುವ ಹಿರಿಯರಿಗೆ 7, 7.5ರ ಒಳಗೆ ಸರಿ. ಹಲವು ಕಾಯಿಲೆ ಇರುವವರಿಗೆ, ಮರೆವು ಶುರುವಾದವರಿಗೆ 8ರ ಒಳಗಿದ್ದರೆ ಸಾಕು. ತೀರಾ ಹಣ್ಣಾದವರಿಗೆ ಆ ಸಂಖ್ಯೆಯ ಹಿಂದೆ ಬೀಳೋದೇ ಬೇಡ, ಶುಗರ್ ತೀರಾ ಇಳಿಯದಂತೆ, ತೀರಾ ಏರಿ ಒದ್ದಾಡದಂತೆ ನೋಡಿಕೊಂಡರೆ ಆಯ್ತು. ಅದೇ ಸಂಸ್ಥೆ ಶುಗರ್ ಇರುವ 65 ದಾಟಿದವರಿಗೆ ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆಯನ್ನೂ ಮಾಡಿ ಅನ್ನುತ್ತದೆ. ಕಾಲು ನೋಡುತ್ತಾರೆ, ಕಣ್ಣು ನೋಡುತ್ತಾರೆ, ಕಿಡ್ನಿ ನೋಡುತ್ತಾರೆ. ನೆನಪನ್ನು ನೋಡಿದ್ದನ್ನು ನಾನಂತೂ ನಮ್ಮ ಕಡೆ ಚೀಟಿಗಳಲ್ಲಿ ಕಂಡಿಲ್ಲ.

ಶುಗರನ್ನು ಬಿಗಿಯಾಗಿ ಹಿಡಿದರೆ ಮಿದುಳು ಉಳಿಯುತ್ತದಾ ಅಂತ ನೋಡಿದವರೂ ಇದ್ದಾರೆ. ಅಕಾರ್ಡ್ ಅನ್ನುವ ದೊಡ್ಡ ಪ್ರಯೋಗ. ಒಂದು ಗುಂಪಿನವರಿಗೆ ಎಚ್‌ಬಿಎ1ಸಿ 6ರ ಒಳಗೆ ತರುವ ಗುರಿ. ಆ ಗುಂಪಿನಲ್ಲಿ ಸಾವು ಜಾಸ್ತಿಯಾಯಿತು ಅಂತ 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ನಿಲ್ಲಿಸಿದರು. ನೆನಪು, ಚುರುಕುತನ ಅಳೆದು ನೋಡಿದ್ದರ ಫಲಿತಾಂಶ 2011ರಲ್ಲಿ ಬಂತು, ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಹಾಗಂತ ಶುಗರ್ ಬಿಟ್ಟುಬಿಡಿ ಅಂತ ಯಾರೂ ಓದಿಕೊಳ್ಳಬೇಡಿ. ನಲವತ್ತು ಐವತ್ತರಲ್ಲಿ ಹಿಡಿತ ಬೇಕೇ ಬೇಕು, ಆಗ ಹಿಡಿದದ್ದು ಮುಂದೆ ಉಪಯೋಗಕ್ಕೆ ಬರುತ್ತದೆ. ಎಪ್ಪತ್ತೈದರ ಮನುಷ್ಯನಿಗೆ ಮೂವತ್ತೈದರವನ ಗುರಿ ಕೊಟ್ಟು ಬೆನ್ನು ಹತ್ತೋದು ಬೇಡ ಅನ್ನೋದು ನನ್ನ ಮಾತು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ, ಇನ್ಸುಲಿನ್, ಇವು ಶುಗರ್ ತೀರಾ ಇಳಿಸಬಲ್ಲವು. ವಯಸ್ಸಾದಂತೆ ಕಿಡ್ನಿ ನಿಧಾನವಾಗಿ ಮಾತ್ರೆ ಮೈಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಇಪ್ಪತ್ತು ವರ್ಷದ ಹಿಂದೆ ಬರೆದ ಡೋಸು ಈಗಲೂ ಸರಿಯಾ ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ಮಾತ್ರೆ ಕಡಿಮೆ ಮಾಡಿ ಅಂತ ನಾವಾಗಿ ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಎಷ್ಟೋ ಜನ ಹೆದರುತ್ತಾರೆ. ಬಹಳ ಡಾಕ್ಟರು ಕೇಳಿದ್ದಕ್ಕೆ ಖುಷಿಯೇ ಪಡುತ್ತಾರೆ. ನೀವೇ ನಿಲ್ಲಿಸಬೇಡಿ, ಅಷ್ಟೇ.

ಬಿ12 ಬಗ್ಗೆ ಹೇಳದೇ ಹೋದರೆ ಆಗಲ್ಲ. ಮೆಟ್‌ಫಾರ್ಮಿನ್, ಜನ ದೊಡ್ಡ ಮಾತ್ರೆ ಅಂತ ಕರೆಯುವುದು, ಒಳ್ಳೇ ಮಾತ್ರೆ, ಅಗ್ಗ, ಅದೊಂದೇ ಆದರೆ ಶುಗರ್ ತೀರಾ ಇಳಿಸೋದೂ ಅಪರೂಪ. ಆದರೆ ವರ್ಷಗಟ್ಟಲೆ ನುಂಗಿದರೆ ಕೆಲವರಲ್ಲಿ ಬಿ12 ಕಡಿಮೆಯಾಗುತ್ತದೆ. ಬಿ12 ಸಿಗೋದು ಮಾಂಸ, ಮೊಟ್ಟೆ, ಹಾಲಿನಲ್ಲಿ. ಮಾಂಸ ಮೊಟ್ಟೆ ಮುಟ್ಟದ ಮನೆ, ಹಾಲು ಅಂದರೆ ಎರಡು ಲೋಟ ಕಾಫಿಗೆ ಹಾಕಿದಷ್ಟು, ಹತ್ತು ವರ್ಷದಿಂದ ಮೆಟ್‌ಫಾರ್ಮಿನ್. ಕಾಲು ಜೋಮು ಹಿಡಿಯುತ್ತದೆ, ಮಂಕು ಕವಿಯುತ್ತದೆ, ಮರೆವು. ಇದನ್ನೂ ಶುಗರಿನ ಲೆಕ್ಕಕ್ಕೋ ವಯಸ್ಸಿನ ಲೆಕ್ಕಕ್ಕೋ ಬರೆದುಬಿಡುತ್ತಾರೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ. ಬೇಗ ಹಿಡಿದರೆ ಇಂಜೆಕ್ಷನ್‌ಗೋ ಮಾತ್ರೆಗೋ ಸರಿಹೋಗುತ್ತದೆ. ಥೈರಾಯ್ಡ್ ಕೂಡ ಹಾಗೇ. ಮನಸ್ಸಿನ ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ, ಅದನ್ನು ಒಪ್ಪಿಕೊಳ್ಳೋಕೆ ನಮ್ಮವರು ತಯಾರಿಲ್ಲ, ಅದು ಬೇರೆ ಕಥೆ.

ಇನ್ನೊಂದನ್ನು ಬೇರೆ ಮಾಡಿ ನೋಡಬೇಕು. ಮರೆವು ತಿಂಗಳು ವರ್ಷಗಳಲ್ಲಿ ನಿಧಾನಕ್ಕೆ ಬರುವುದು. ನಿನ್ನೆ ಚೆನ್ನಾಗಿದ್ದವರು ಇವತ್ತು ಬಡಬಡಿಸುತ್ತಿದ್ದರೆ ಅದು ಡಿಮೆನ್ಶಿಯಾ ಅಂತ ಕೂರಬೇಡಿ. ಶುಗರ್ ಇಳಿದಿರಬಹುದು, ತೀರಾ ಏರಿರಬಹುದು, ಉರಿಮೂತ್ರದ ಸೋಂಕಿರಬಹುದು, ಸೋಡಿಯಂ ಕಡಿಮೆಯಾಗಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನೆನಪಿಗೆ ಒಂದೆಲಗದ ತಂಬುಳಿ ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. ತಿನ್ನಿ, ರುಚಿಯಾಗಿರುತ್ತದೆ, ನಮ್ಮನೇಲೂ ಮಾಡುತ್ತೇವೆ. ಅದು ಮಾತ್ರೆಯ ಬದಲಿಯಲ್ಲ. ಕೊಬ್ಬರಿ ಎಣ್ಣೆ ಕುಡಿದರೆ ಆಲ್ಝೈಮರ್ ವಾಸಿ ಅನ್ನುವ ಮೆಸೇಜು ತಿಪಟೂರಿಗೆ ಬಂದಾಗ ಇಲ್ಲಿನವರು ಎಷ್ಟು ಖುಷಿಪಟ್ಟಿರಬಹುದು ಯೋಚಿಸಿ. ಕೊಬ್ಬರಿ ರೇಟು ಏರಿದರೆ ನನಗೂ ಸಂತೋಷವೇ, ಆದರೆ ಆ ಮಾತಿಗೆ ಗಟ್ಟಿ ಆಧಾರ ಇಲ್ಲ. ಹೊಸ ಔಷಧಗಳ ಕಥೆಯೂ ಇಷ್ಟೇ. ಶುಗರ್‌ಗೂ ತೂಕ ಇಳಿಸೋಕೂ ಹೆಸರಾದ ಸೆಮಗ್ಲುಟೈಡ್ ಆಲ್ಝೈಮರ್ ಅನ್ನೂ ತಡೆಯುತ್ತದೇನೋ ಅಂತ ತುಂಬ ಆಸೆ ಇತ್ತು. 2025ರ ನವೆಂಬರಿನಲ್ಲಿ ಅದರ ಕಂಪನಿಯೇ ಹೇಳಿತು, ಆರಂಭದ ಹಂತದ ಆಲ್ಝೈಮರ್ ಇದ್ದವರಲ್ಲಿ ಕಾಯಿಲೆಯ ವೇಗ ತಗ್ಗಲಿಲ್ಲ ಅಂತ.

ಕೆಲಸ ಮಾಡೋದು ಬೋರಿಂಗ್ ಸಂಗತಿಗಳೇ. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರಲ್ಲಿ ಅರ್ಧ ಜನಕ್ಕೆ ಎರಡು ವರ್ಷ ಊಟ, ವ್ಯಾಯಾಮ, ತಲೆಗೆ ಕೆಲಸ, ಬಿಪಿ ಶುಗರ್ ತಪಾಸಣೆ ಎಲ್ಲ ಒಟ್ಟಿಗೆ ಮಾಡಿಸಿದರು. ಉಳಿದ ಅರ್ಧ ಜನಕ್ಕೆ ಮಾಮೂಲಿ ಸಲಹೆ. ಮೊದಲ ಗುಂಪಿನವರ ತಲೆ ಹೆಚ್ಚು ಚುರುಕಾಗಿ ಉಳಿಯಿತು. 2015ರಲ್ಲಿ ಬಂದ ಫಲಿತಾಂಶ ಇದು. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ 14 ಕಾರಣ ಹೆಸರಿಸಿ, ಅವನ್ನೆಲ್ಲ ಸರಿಪಡಿಸಿದರೆ ಲೋಕದ ಡಿಮೆನ್ಶಿಯಾದಲ್ಲಿ ಶೇ. 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದಕ್ಕೆ ಹಾಕಬಹುದು ಅಂದಿತು. ಶುಗರ್, ಬಿಪಿ, ಕಿವಿ ಕೇಳಿಸದಿರುವುದು, ಒಂಟಿತನ ಎಲ್ಲ ಆ ಪಟ್ಟಿಯಲ್ಲಿವೆ.

ಇವೆಲ್ಲ ವಿದೇಶದ ಲೆಕ್ಕ, ನಮ್ಮ ಹಳ್ಳಿಯವರಿಗೆ ಹೊಂದುತ್ತಾ ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕೆಲಸದ ಮೇಲೆ ನನಗೆ ಕಣ್ಣು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10 ಸಾವಿರ ಜನರ ಗುರಿ ಇಟ್ಟುಕೊಂಡು, ಅವರ ರಕ್ತ, ನೆನಪು, ಮಿದುಳಿನ ಸ್ಕ್ಯಾನ್ ಎಲ್ಲವನ್ನೂ ವರ್ಷ ವರ್ಷ ಗಮನಿಸುತ್ತಿದ್ದಾರೆ. ಮಾವಿನ ತೋಪಿನಲ್ಲಿ ದುಡಿದವರು, ರೇಷ್ಮೆ ಮಾಡಿದವರು, ಶಾಲೆ ಮೆಟ್ಟಿಲು ಹತ್ತದವರು. ಗಡಿಯಾರದ ಚಿತ್ರ ಬರೆಯಿರಿ ಅಂತ ಪೆನ್ನು ಹಿಡಿಯದವರಿಗೆ ಹೇಳಿದರೆ ಪರೀಕ್ಷೆಯೇ ತಪ್ಪಾಗುತ್ತದೆ, ಹಾಗಾಗಿ ಇಂಥವರಿಗೆ ಹೊಂದುವ ಪರೀಕ್ಷೆಯೇ ಬೇಕು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಮಿದುಳಿನ ಆರೋಗ್ಯದ ಕ್ಲಿನಿಕ್‌ಗಳನ್ನೂ ಶುರು ಮಾಡಿವೆ. ಕೋಲಾರದ ಜಿಲ್ಲಾ ಆಸ್ಪತ್ರೆ ಮೊದಮೊದಲು ಸೇರಿದ ಜಾಗಗಳಲ್ಲಿ ಒಂದು. ದೂರದವರಿಗೆ ಹಿರಿಯರ ಸಹಾಯವಾಣಿ 14567 ಇದೆ.

ಮೇಷ್ಟ್ರ ಡಾಕ್ಟರು ಮಾತ್ರೆ ಬದಲಾಯಿಸಿದರು. ಶುಗರ್ ತೀರಾ ಇಳಿಸುವ ಮಾತ್ರೆ ತೆಗೆದುಹಾಕಿ, ದಿನಕ್ಕೆ ಎರಡೇ ಹೊತ್ತು ಮಾಡಿದರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ನಡೆಯಿತು. ನೆನಪಿನ ಪರೀಕ್ಷೆ ಮಾಡಿಸಿದಾಗ ಸಣ್ಣ ಮಟ್ಟದ ಕುಸಿತ ಇದೆ ಅಂದರು. ಮಗ ವಾರದ ಮಾತ್ರೆ ಡಬ್ಬಿ ತಂದುಕೊಟ್ಟ, ಒಂದೊಂದು ಖಾನೆಗೂ ಒಂದೊಂದು ದಿನ. ಅದು ನಡೆಯಲಿಲ್ಲ. ಡಬ್ಬಿಯಲ್ಲಿ ಬುಧವಾರ ಅಂತಿದೆ, ಇವತ್ತು ಬುಧವಾರವಾ ಅಂತ ಹೇಳೋರು ಯಾರು? ಕೊನೆಗೆ ಅಮ್ಮನೇ ದಾರಿ ಮಾಡಿದರು. ಮಾತ್ರೆ ಡಬ್ಬಿ ಅಡುಗೆಮನೆಯ ಮೇಲಿನ ಶೆಲ್ಫಿಗೆ ಹೋಯಿತು. ತಟ್ಟೆ ಹಾಕಿದ ಮೇಲೆ ತಟ್ಟೆಯ ಪಕ್ಕಕ್ಕೆ ಮಾತ್ರೆ. ಊಟ ಇಲ್ಲ ಅಂದರೆ ಮಾತ್ರೆಯೂ ಕೈಗೆ ಬರೋದಿಲ್ಲ. ಮೇಷ್ಟ್ರು ಮೊದಲು ಸಿಟ್ಟಾದರು. "ನಾನೇನ್ ಮಗೂನಾ?" ಅಂತ ಕೂಗಾಡಿದರು. ಲೆಕ್ಕ ಮಾತ್ರ ತಮ್ಮ ಹತ್ತಿರವೇ ಇರಬೇಕು ಅಂತ ಹಟ ಹಿಡಿದರು, ಸರಿ ಅಂತ ನೋಟ್‌ಬುಕ್ ಅವರಿಗೇ ಬಿಟ್ಟರು. ಬೆರಳು ಚುಚ್ಚೋದು ಅಮ್ಮ, ಬರೆಯೋದು ಅವರು.

ಹೀಗೆ ಚುಚ್ಚೋದು ಕಲಿಯುತ್ತಾ ಅಂಗಡಿಗೆ ಬಂದ ಅಮ್ಮನಿಗೆ ನಾನು ಸುಮ್ನೆ ಕೇಳಿದೆ.

"ಅಮ್ಮಾ, ನಿಮ್ಮದು ಯಾವಾಗ ನೋಡಿಸಿದ್ರಿ?"

"ನಂದೇನ್ ಬಿಡಪ್ಪ, ನಂಗೇನಾಗಿದೆ. ಇವರದ್ದೇ ಸಾಕಾಗಿದೆ."

ಅಲ್ಲೇ ಸ್ಟೂಲ್ ಮೇಲೆ ಕೂರಿಸಿ ನೋಡಿದೆ. ತಿಂಡಿ ತಿಂದು ಎರಡು ಗಂಟೆಯಾಗಿತ್ತಂತೆ. 264. ಲ್ಯಾಬಿಗೆ ಕಳಿಸಿದರೆ ಎಚ್‌ಬಿಎ1ಸಿ 9ರ ಮೇಲೆ ಬಂತು. ಎಷ್ಟು ವರ್ಷದಿಂದ ಇತ್ತೋ, ಮನೇಲಿ ಮೀಟರ್ ಇದ್ದರೂ ಒಂದು ಸಲವೂ ಅವರ ಬೆರಳಿಗೆ ತಾಗಿಸಿರಲಿಲ್ಲ. ನಮ್ಮ ಮನೆಗಳಲ್ಲಿ ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು, ಅವರ ರಿಪೋರ್ಟು ಕೊನೇಗೆ. ಈಗ ಆ ಮನೆಯಲ್ಲಿ ಎರಡು ಚೀಟಿ. ಎರಡರಲ್ಲೂ ಮೆಟ್‌ಫಾರ್ಮಿನ್ ಇದೆ, ಡೋಸು ಬೇರೆ. ಅದಲುಬದಲು ಆಗದಿರಲಿ ಅಂತ ಅಮ್ಮನ ಸ್ಟ್ರಿಪ್‌ಗಳಿಗೆ ನಾನು ಕೆಂಪು ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತೇನೆ, ಮೇಷ್ಟ್ರದಕ್ಕೆ ಹಸಿರು. ಒಂದೇ ಮಾತ್ರೆಯ ಎರಡು ಬ್ರ್ಯಾಂಡ್ ಆ ಮನೆಗೆ ಹೋಗಕೂಡದು ಅಂತ ಮಗನಿಗೂ ಹೇಳಿದ್ದೇನೆ, ಅವನು ಬೆಂಗಳೂರಿನಿಂದ ಏನಾದರೂ ತರುವ ಮೊದಲು ಸ್ಟ್ರಿಪ್ ಹಿಂಭಾಗದ ಫೋಟೋ ಕಳಿಸುತ್ತಾನೆ. ಬರುವ ಸೋಮವಾರ ಅಮ್ಮನ ಕಣ್ಣಿನ ಪರೀಕ್ಷೆ ಇದೆ. ಅವರನ್ನು ಕರೆದುಕೊಂಡು ಹೋಗೋಕೆ ಮಗ ರಜೆ ಹಾಕಿದ್ದಾನೆ, ಮೇಷ್ಟ್ರ ಮಧ್ಯಾಹ್ನದ ತಟ್ಟೆ ಅವತ್ತು ನಮ್ಮನೆಯಲ್ಲಿ.